ಮಗನಿಗಿಂತ ಎಂಟು ವರ್ಷ ಚಿಕ್ಕ ತಾಯಿ

ಹೊಸದಾಗಿ ಕಂಡಕ್ಟರ್ ಕೆಲಸಕ್ಕೆ ಸೇರಿದ ಇಬ್ಬರು ತರುಣರು ಮೊನ್ನೆ ಗೋಕುಲ ರಸ್ತೆಯ ನನ್ನ ಮನೆಗೆ ಬಂದಿದ್ದರು. ನಿವೃತ್ತನಾದವನ ಅನುಭವ ಕೇಳಲು ಬಂದಿದ್ದಾರೆಂದು ನಾನು ಹಿಗ್ಗಿದೆ. ಅವರು ಚಹಾ ಮುಗಿಸುವ ಮೊದಲೇ ಬಂದ ಕಾರಣ ಹೇಳಿದರು.

"ಕಾಕಾ, ವಯಸ್ಸಾದವರಿಗೆಲ್ಲಾ ಬಸ್ ಪೂರಾ ಪುಕ್ಕಟೆ ಮಾಡ್ತಾರಂತ. ಹಂಗೇನರ ಆದ್ರ ನಮ್ಮ ಗತಿ ಏನ್ರಿ?"

ನಾನು ನಕ್ಕೆ. ಈ ಮಾತನ್ನು ನಾನು ಕೆಲಸಕ್ಕೆ ಸೇರಿದ ವರ್ಷ ಕೇಳಿದ್ದೆ, ನಿವೃತ್ತನಾದ ವರ್ಷವೂ ಕೇಳಿದ್ದೆ. ನಡುವೆ ಚುನಾವಣೆ ಬಂದಾಗಲೆಲ್ಲ ಕೇಳಿದ್ದೆ. ಮುದುಕರ ಪುಕ್ಕಟೆ ಪ್ರಯಾಣಕ್ಕೆ ಬಹಳ ಒಳ್ಳೆಯ ಭವಿಷ್ಯವಿದೆ. ಅದು ಯಾವಾಗ ನೋಡಿದರೂ ಭವಿಷ್ಯದಲ್ಲೇ ಇರುತ್ತದೆ. ಆ ತರುಣರಿಗೆ ಹೇಳಿದೆ: ಹಾಗೊಂದು ವೇಳೆ ಬಂದೇ ಬಿಟ್ಟರೂ ನೀವು ಹೆದರಬೇಕಾಗಿಲ್ಲ. ಮುದುಕರು ತಾವು ಮುದುಕರೆಂದು ಸಾಬೀತು ಮಾಡುವುದರೊಳಗೆ ನಿಮ್ಮ ಸರ್ವಿಸು ಮುಗಿದಿರುತ್ತದೆ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಸಾಬೀತು ಮಾಡಿಸುವ ಕಿಂಡಿಯ ಒಳಗೆ ಕೂತವನು ನಾನೇ.

ಮೊದಲಿಂದ ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿ–ಧಾರವಾಡ ನಗರ ಸಾರಿಗೆಯ ಕಂಡಕ್ಟರ್. ಆಗ ನಮ್ಮ ಬಸ್ಸಿನಲ್ಲಿ ಮುದುಕರಿಗೆ ರಿಯಾಯಿತಿ ಗಿಯಾಯಿತಿ ಏನೂ ಇರಲಿಲ್ಲ. ಆದರೆ ನಮ್ಮ ರೂಟಿನ ಕಂಡಕ್ಟರುಗಳು ನಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದೆವು. ದಿನಾ ಬರುವ, ಕೈಯಲ್ಲಿ ಹೆಚ್ಚು ದುಡ್ಡು ಓಡಾಡದ ಮುದುಕ ಮುದುಕಿಯರಿಗೆ ಮಕ್ಕಳ ಅರ್ಧ ಟಿಕೆಟ್ ಹರಿದುಕೊಡುವುದು. ಯಾರು ಶುರು ಮಾಡಿದ್ದೆಂದು ಗೊತ್ತಿಲ್ಲ. ನನಗೆ ಹಿರಿಯ ಕಂಡಕ್ಟರೊಬ್ಬರು ಕಲಿಸಿದರು, ಅವರಿಗೆ ಅವರ ಹಿರಿಯರು ಕಲಿಸಿದ್ದರು. ಸರಕಾರಕ್ಕೆ ತೋಚದೇ ಇದ್ದದ್ದನ್ನು ನಾವು ಮಾಡುತ್ತಿದ್ದೇವೆ ಎಂಬ ಜಂಭ ಬೇರೆ. ಸರಕಾರದ ಟಿಕೆಟ್ಟು, ನಮ್ಮ ಪುಣ್ಯ.

ಹೀಗೆ ನನ್ನ ಬಸ್ಸಿನಲ್ಲಿ ಬಾಲ್ಯಕ್ಕೆ ಮರಳಿದವರಲ್ಲಿ ರಾಯಾಪುರದ ನೀಲವ್ವ ಒಬ್ಬಳು. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಮುಚ್ಚಿಕೊಂಡು ಬಸ್ ಹತ್ತುವಳು. ಧಾರವಾಡದಲ್ಲಿ ಇಳಿದು, ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು ಓದುವ ಹುಡುಗರಿಗೆ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಮಾರುವಳು. ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ವಾಪಸು. ಆಕೆಗೆ ಆಗಲೇ ವಯಸ್ಸೆಷ್ಟೆಂದು ನನಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಇಬ್ಬರಿಗೂ ತೊಂದರೆಯೂ ಇರಲಿಲ್ಲ.

ಒಂದು ಮುಂಜಾನೆ ಸತ್ತೂರಿನ ಹತ್ತಿರ ಚೆಕಿಂಗ್‌ನವರು ಕೈ ಮಾಡಿ ಬಸ್ ನಿಲ್ಲಿಸಿದರು. ಹತ್ತಿದವರು ದೇಸಾಯಿ ಸಾಹೇಬರು. ಪೆನ್ನಿನ ಟೊಪ್ಪಿಗೆ ಸದಾ ತೆಗೆದಿಟ್ಟುಕೊಂಡೇ ಓಡಾಡುತ್ತಿದ್ದ ಮನುಷ್ಯ. ಯಾವಾಗ ಯಾರ ಮೇಲೆ ಬರೆಯುವ ಭಾಗ್ಯ ಬರುತ್ತದೋ ಯಾರಿಗೆ ಗೊತ್ತು. ನನ್ನ ಟಿಕೆಟ್ ಲೆಕ್ಕದ ಹಾಳೆ ನೋಡಿ ಕೇಳಿದರು.

"ಹನ್ನೊಂದು ಅರ್ಧ ಟಿಕೆಟ್ ಹರದೀರಿ. ಹುಡುಗ್ರು ಎಲ್ಲೆ ಅದಾವ್ರೀ?"

ನಾನು ಬಸ್ಸಿನ ಉದ್ದಗಲ ನೋಡಿದೆ. ಸಾಲಿಯ ಹೊತ್ತು, ಹುಡುಗರೆಲ್ಲ ಪಾಠದಲ್ಲಿ. ಬಸ್ಸಿನಲ್ಲಿ ಹೆಸರಿಗೊಂದು ಕೂಸೂ ಇರಲಿಲ್ಲ. ಸಾಹೇಬರು ಒಬ್ಬೊಬ್ಬರದೇ ಟಿಕೆಟ್ ನೋಡುತ್ತ ಬಂದರು. ಬೊಚ್ಚು ಬಾಯಿಯವರು, ಕೋಲು ಹಿಡಿದವರು, ಕಿವಿ ಕೇಳದವರು ಎಲ್ಲರೂ ಮಕ್ಕಳ ಟಿಕೆಟ್ ಮುಂದೆ ಹಿಡಿದರು. ನೀಲವ್ವನ ಪಾಳಿ ಬಂದಾಗ ಆಕೆ ನನ್ನ ಮುಖ ನೋಡಿದಳು. ನನಗೇನೋ ಆಗುತ್ತದೆಂದು ಆಕೆಗೆ ಹೊಳೆದಿರಬೇಕು.

"ನಾ ಸಣ್ಣಾಕೀನ ಅದೀನ್ರಿ ಸಾಹೇಬ್ರ. ಬೇಕಾದ್ರ ಹಲ್ಲು ನೋಡ್ರಿ, ಒಂದೂ ಬಿದ್ದಿಲ್ಲ" ಎಂದು ಬಾಯಿ ತೆರೆದೇ ತೋರಿಸಿದಳು.

ಇಡೀ ಬಸ್ಸು ನಕ್ಕಿತು. ಸಾಹೇಬರು ನಗಲಿಲ್ಲ, ಬರೆದರು. 'ವೃದ್ಧ ಪ್ರಯಾಣಿಕರನ್ನು ಶಿಶುಗಳೆಂದು ಪರಿಗಣಿಸಿ ಕರ್ತವ್ಯಲೋಪ ಎಸಗಿದ್ದೀರಿ' ಎಂದು ನನಗೆ ಮೆಮೊ ಬಂತು. ನಾನು ಜಾಣನೆಂದುಕೊಂಡು, ಮುದುಕರೂ ಮಕ್ಕಳೂ ಒಂದೇ ಎಂದು ತಿಳಿದವರು ಹೇಳಿದ್ದಾರೆ ಎಂದು ಉತ್ತರ ಬರೆದೆ. ಒಂದು ಇನ್‌ಕ್ರಿಮೆಂಟು ಹೋಯಿತು. ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ಮೆಮೊಗೆ ಉತ್ತರ ಬರೆಯುವಾಗ ಗಾದೆ ಬಳಸಬೇಡಿ. ಅಂದಿನಿಂದ ನನಗೆ ಕಾಗದದ ಹೆದರಿಕೆ ಹೊಕ್ಕಿತು. ನೀಲವ್ವನಿಗೆ ಪೂರಾ ಟಿಕೆಟ್ ಹರಿಯತೊಡಗಿದೆ. ಆಕೆ ಸೆರಗಿನ ಗಂಟು ಬಿಚ್ಚಿ ಪೂರಾ ದುಡ್ಡು ಎಣಿಸಿ ಕೊಟ್ಟಳು.

ಕೆಲವು ವರ್ಷಗಳ ಮೇಲೆ ಸರಕಾರಕ್ಕೇ ಬುದ್ಧಿ ಬಂತು. ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಎಂದು ಆದೇಶವಾಯಿತು. ವಯಸ್ಸನ್ನು ಹೇಗೆ ನೋಡಬೇಕೆಂದು ಮೊದಮೊದಲು ಯಾರೂ ಹೇಳಲಿಲ್ಲ. ಮುಖ ನೋಡಿ ಕೊಡಿ ಎಂದರು. ಮುಖ ನೋಡಿ ಮಣೆ ಹಾಕುವುದು ನಮ್ಮ ದೇಶದಲ್ಲಿ ಹೊಸದೇನಲ್ಲ, ಆದರೆ ಮುಖ ನೋಡಿ ವಯಸ್ಸು ಹಾಕುವುದು ಪ್ರಾಣಕ್ಕೆ ಬರುತ್ತದೆ. ಮೊದಲ ವಾರವೇ ನಾನು ಸಪ್ತಾಪುರದ ಒಬ್ಬ ಹೆಣ್ಣುಮಗಳಿಗೆ, ಕೇಳದೇ ಇದ್ದರೂ, ಉಪಕಾರ ಮಾಡುತ್ತೇನೆಂದು ರಿಯಾಯಿತಿ ಟಿಕೆಟ್ ಕೊಟ್ಟೆ. ಅವರು ಕಾಲೇಜಿನಲ್ಲಿ ಪಾಠ ಹೇಳುವವರು, ನಿವೃತ್ತಿಗೆ ಇನ್ನೂ ಎಂಟು ವರ್ಷ ಇತ್ತಂತೆ. "ಯಾರಿಗ್ರೀ ಮುದುಕಿ ಅಂತೀರಿ?" ಎಂದು ಅವರು ಶುರು ಮಾಡಿದ್ದು ಜ್ಯುಬಿಲಿ ಸರ್ಕಲ್ ಬಂದರೂ ಮುಗಿಯಲಿಲ್ಲ. ಆಮೇಲೆ ಒಂದು ತಿಂಗಳು ನಾನು ಹೆಣ್ಣುಮಕ್ಕಳಿಗೆ ಯಾರಿಗೂ ಅರವತ್ತು ತುಂಬಲು ಬಿಡಲಿಲ್ಲ.

ಇಂಥ ಜಗಳಗಳು ಹೆಚ್ಚಾಗಿ, ಗುರುತಿನ ಚೀಟಿ ಬಂತು. ವಯಸ್ಸಿನ ದಾಖಲೆ ತೋರಿಸಿ ಚೀಟಿ ಮಾಡಿಸಿಕೊಳ್ಳಬೇಕು, ಚೀಟಿ ತೋರಿಸಿ ರಿಯಾಯಿತಿ ಪಡೆಯಬೇಕು. ಅಷ್ಟರಲ್ಲಿ ವರ್ಷಗಟ್ಟಲೆ ನಿಂತೂ ನಿಂತೂ ನನ್ನ ಸೊಂಟ ಮಾತು ಕೇಳದಾಗಿತ್ತು. ನನ್ನನ್ನು ಬಸ್ಸಿನಿಂದ ಇಳಿಸಿ, ಚೀಟಿ ಕೊಡುವ ಕಿಂಡಿಯೊಳಗೆ ಕೂರಿಸಿದರು. ಒಳಗೆ ಮೇಜಿನ ಹಿಂದೆ ಯಾರಿದ್ದಾರೆಂದು ನೋಡಿದರೆ, ದೇಸಾಯಿ ಸಾಹೇಬರು. ಪೆನ್ನಿಗೆ ಆಗಲೂ ಟೊಪ್ಪಿಗೆ ಇರಲಿಲ್ಲ.

ಕಿಂಡಿಯಲ್ಲಿ ಕೂತ ಮೇಲೆ ನನಗೆ ಒಂದು ಜ್ಞಾನೋದಯವಾಯಿತು. ನಮ್ಮ ಕಡೆಯ ಹಳೆಯ ಕಾಲದ ಗಂಡಸರೆಲ್ಲ ಹುಟ್ಟಿದ್ದು ಜೂನ್ ಒಂದನೆಯ ತಾರೀಖು. ಸಾಲಿಗೆ ಹೆಸರು ಹಚ್ಚುವ ದಿನ ಮಾಸ್ತರರು ಹುಡುಗನ ಎತ್ತರ ನೋಡಿ, ವರ್ಷ ಅಂದಾಜು ಮಾಡಿ, ತಾರೀಖು ಮಾತ್ರ ತಮ್ಮ ಅನುಕೂಲದ್ದು ಬರೆದುಬಿಡುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಸೂಲಗಿತ್ತಿಯರು ಏನು ಮಾಡುತ್ತಿದ್ದರೋ ಕಾಣೆ. ಇಂಥ ಸರ್ಟಿಫಿಕೇಟು ತಂದವರಿಗೆಲ್ಲ ನಾವು ಎರಡು ನಿಮಿಷದಲ್ಲಿ ಚೀಟಿ ಕೊಡುತ್ತಿದ್ದೆವು. ಅಂದಾಜಾದರೂ ಅದು ಮುದ್ರೆ ಬಿದ್ದ ಅಂದಾಜು.

ಸಾಲಿಯ ಮುಖ ನೋಡದ ಹೆಂಗಸರದೇ ಕಷ್ಟ. ಒಂದು ದಿನ ನೀಲವ್ವ ಬಂದಳು. ಜೊತೆಗೆ ಮಗ ಬಸವಣ್ಣೆಪ್ಪ. ಯಾವುದೋ ಆಫೀಸಿನಲ್ಲಿ ಸಿಪಾಯಿಯಾಗಿ ನಿವೃತ್ತನಾದವನು. ಮಗ ಸಾಲಿಯ ಸರ್ಟಿಫಿಕೇಟು ಕೊಟ್ಟ. ಜೂನ್ ಒಂದು, ಅರವತ್ತು ತುಂಬಿತ್ತು. ಚೀಟಿ ಬರೆದುಕೊಟ್ಟೆ. ತಾಯಿ ಸೆರಗಿನ ಗಂಟು ಬಿಚ್ಚಿ ಮತದಾರರ ಗುರುತಿನ ಚೀಟಿ ಕೊಟ್ಟಳು. ಅದರಲ್ಲಿದ್ದ ಲೆಕ್ಕ ಹಿಡಿದರೆ ಆಕೆಗೆ ಐವತ್ತೆರಡು.

ನಾನು ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

"ಯವ್ವಾ, ಈ ಕಾರ್ಡಿನ ಪ್ರಕಾರ ನಿನ್ನ ಮಗ ನಿನಗಿಂತ ಎಂಟು ವರ್ಷ ದೊಡ್ಡಾಂವ."

"ಹಂಗ ಬರದಾರೇನು?" ಎಂದಳು ಆಕೆ, ಬೇರೆ ಯಾರದೋ ಸುದ್ದಿ ಕೇಳಿದಂತೆ. "ಓಟಿನ ಕಾರ್ಡಿಂದು ಬರ್ಕೊಳ್ಳಾಕ ಒಬ್ಬಾಂವ ಬಂದಾಗ ನಾ ರೊಟ್ಟಿ ಬಡ್ಯಾಕತ್ತಿದ್ದೆ ತಮ್ಮಾ. ವಯಸ್ಸೆಷ್ಟು ಅಂದ. ಹೊತ್ತು ಹೋಕ್ಕೈತಿ, ನೀನ ನೋಡಿ ಬರ್ಕೊಳ್ಳೋ ಅಂದೆ."

ಅವನು ನೋಡಿ ಬರೆದುಕೊಂಡಿದ್ದ. ರೊಟ್ಟಿ ಬಡಿಯುವ ತೋಳನ್ನು ನೋಡಿರಬೇಕು. ಮುಖಕ್ಕಿಂತ ಅದು ಇಪ್ಪತ್ತೈದು ವರ್ಷ ಚಿಕ್ಕದಾಗಿತ್ತು.

ನಾನು ಕಾಗದ ಹಿಡಿದು ಸಾಹೇಬರ ಮೇಜಿಗೆ ಹೋದೆ. "ಮಗನ ದಾಖಲೆ ತಾಯಿಗೆ ನಡ್ಯೂದಿಲ್ರೀ" ಎಂದರು. ಅಲ್ಲ ಸಾಹೇಬರೇ, ಮಗ ಎದುರಿಗೇ ನಿಂತಿದ್ದಾನೆ, ಅವನನ್ನು ಹಡೆದವಳು ಪಕ್ಕದಲ್ಲಿ ನಿಂತಿದ್ದಾಳೆ, ಎಂದೆ. "ಹಡದಾಳ ಅನ್ನೂದಕ್ಕ ದಾಖಲೆ ಐತೇನು?" ಎಂದರು. ಇಂಥ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಆದರೆ ಗಾದೆ ಬಳಸಬಾರದೆಂದು ಕಲಿತಿದ್ದೆನಲ್ಲ.

ಇಲ್ಲಿ ನನ್ನ ತಪ್ಪನ್ನು ನಾನೇ ಹೇಳಬೇಕು. ನಿಯಮದಲ್ಲಿ ಬೇರೆ ದಾರಿಗಳಿದ್ದವು. ಮೊದಲು ಆ ಕಾರ್ಡು ತಿದ್ದಿಸಲು ಎಲ್ಲಿಗೆ ಹೋಗಬೇಕೆಂದು ನಾನು ಅರ್ಧ ತಾಸು ಕೂತು ಹೇಳಬಹುದಿತ್ತು. ಹೇಳಲಿಲ್ಲ. ಮತ್ತೊಂದು ಮೆಮೊ ಬಂದರೆ ಎಂಬ ಹೆದರಿಕೆ. "ಡಾಕ್ಟರ ಕಡೆ ಬರಸ್ಕೊಂಡು ಬಾ" ಎಂದು ಕೈ ತೊಳೆದುಕೊಂಡೆ. ಕಿಂಡಿಯೊಳಗಿನವನಿಗೆ ಅದಕ್ಕಿಂತ ಸುಲಭವಾದ ಮಾತು ಇನ್ನೊಂದಿಲ್ಲ. ಎದುರಿಗಿದ್ದವರನ್ನು ಇನ್ನೊಂದು ಕಿಂಡಿಗೆ ಕಳಿಸುವುದು.

ಹೊರಗೆ ತಾಯಿ ಮಗ ಮಾತಾಡಿದ್ದು ನನಗೆ ಕೇಳಿಸಿತು.

"ದಿನಾ ಹೋಗಿ ಬರೂದಕ್ಕ ಬಸ್ಸಿಗೇ ಇಷ್ಟು ಹೋತಂದ್ರ ನಿನ್ನ ಕೈಯಾಗ ಏನು ಉಳೀತೈತಬೇ? ಈ ಚೀಟಿ ಸಿಗಲಿಲ್ಲಂದ್ರ ಸಾಕು ಮಾಡು. ಮನ್ಯಾಗ ಕುಂಡ್ರು."

"ಮನ್ಯಾಗ ಕುಂತು ಏನ್ ಮಾಡ್ಲಿ? ನಿಮ್ಮ ಮಾರಿ ನೋಡ್ಕೋತ ಕುಂಡ್ರಲ್ಯಾ?" ಎಂದಳು ನೀಲವ್ವ. "ನನ್ನ ಎಲಿ ಅಡಕಿ, ನನ್ನ ಸೀರಿ, ನಾ ಯಾರಿಗರ ಕೊಡೂ ಒಂದು ರೂಪಾಯಿ, ಎಲ್ಲಾದಕ್ಕೂ ನಿನ್ನ ಹೇಂತಿ ಮುಂದ ಕೈ ಒಡ್ಡಲ್ಯಾ?"

ಅಂದರೆ ಆಕೆ ಕೇಳುತ್ತಿದ್ದದ್ದು ಬಸ್ಸಿನ ರಿಯಾಯಿತಿ ಅಲ್ಲ, ತನ್ನ ದುಡಿಮೆ ನಿಲ್ಲದಿರಲಿ ಎಂಬುದು. ಅದು ನನಗೆ ತಿಳಿದೂ ತಿಳಿದೂ ನಾನು ಮುಂದಿನವರ ಅರ್ಜಿ ತೆಗೆದುಕೊಂಡೆ.

ಎಂಟು ದಿನಕ್ಕೆ ಆಕೆ ಡಾಕ್ಟರ ಕಾಗದ ತಂದಳು. ಡಾಕ್ಟರು ಬಾಯಿ ತೆರೆಸಿ ಹಲ್ಲು ನೋಡಿದರಂತೆ. ಮೂವತ್ತೆರಡೂ ಗಟ್ಟಿಯಾಗಿದ್ದವು. 'ಅಂದಾಜು ಐವತ್ತೈದು' ಎಂದು ಬರೆದುಕೊಟ್ಟಿದ್ದರು. ಜನ್ಮವಿಡೀ ಒಣಗಿದ ಕಟಿರೊಟ್ಟಿ ಕಡಿದು ತಿಂದದ್ದಕ್ಕೆ ಆಕೆಗೆ ಸಿಕ್ಕ ಶಿಕ್ಷೆ ಅದು. ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಹಲ್ಲಿದ್ದವರಿಗೆ ಮುಪ್ಪೂ ಇರಲಿಲ್ಲ.

ಆಮೇಲೆ ಆಕೆ ಪಂಚಾಯ್ತಿಯವರ ಕಾಗದ ತಂದಳು. ಸಾಹೇಬರು ಮುದ್ರೆ ಸರಿ ಮೂಡಿಲ್ಲ ಎಂದರು. ತನ್ನ ಲಗ್ನ ನೋಡಿದ್ದ ಒಬ್ಬ ಮುದುಕಿಯನ್ನೇ ಕರೆತಂದಳು. ಆ ಮುದುಕಿಯ ವಯಸ್ಸಿಗೆ ದಾಖಲೆ ಏನು ಎಂದರು. ಬಂದಾಗಲೆಲ್ಲ ಒಂದು ದಿನದ ರೊಟ್ಟಿ ವ್ಯಾಪಾರ ಹೋಗುತ್ತಿತ್ತು. ಮೂರು ತಿಂಗಳಲ್ಲಿ ಆಕೆ ರಿಯಾಯಿತಿಗೆಂದು ಓಡಾಡಿದ್ದು ಎಲ್ಲಾ ಪೂರಾ ಟಿಕೆಟ್ಟಿನಲ್ಲೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ನಾನು ಸಣ್ಣವನಿದ್ದಾಗಿನಿಂದ ಕೇಳಿದ್ದೆ. ಪೂಜಾರಿಯ ಕೈಕೆಳಗೆ ಗಂಟೆ ಬಾರಿಸುವವನೂ ಒಬ್ಬನಿರುತ್ತಾನೆ, ಅವನೇ ನಾನು ಎಂದು ಹೊಳೆದದ್ದು ಆಗಲೇ.

ಅಂಥದ್ದರಲ್ಲಿ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಹಿರಿಯರಿಗೆ ನಗರ ಸಾರಿಗೆ ಸಂಪೂರ್ಣ ಉಚಿತ ಮಾಡಿದರೆ ಹೇಗೆ, ಚೀಟಿ ಕೊಡುವ ವಿಭಾಗದವರು ಅಭಿಪ್ರಾಯ ತಿಳಿಸಬೇಕು ಎಂದು. ಇಡೀ ಕಚೇರಿಗೆ ಜ್ವರ ಬಂದಂತಾಯಿತು. ಪುಕ್ಕಟೆ ಆದರೆ ಮುದುಕರು ಮುಂಜಾನೆ ಹತ್ತಿ ಸಂಜೆಯತನಕ ಬಸ್ಸಿನಲ್ಲೇ ಇರುತ್ತಾರೆ ಎಂದ ಒಬ್ಬ. ಮನೆಗಿಂತ ಬಸ್ಸಿನಲ್ಲೇ ಗಾಳಿ ಛಲೋ ಬರುತ್ತದೆ ಎಂದ ಇನ್ನೊಬ್ಬ. ಊರಿನ ಮುದುಕರೆಲ್ಲ ಒಂದೇ ದಿನ ಧಾರವಾಡಕ್ಕೆ ಹೊರಟುಬಿಟ್ಟರೆ ಏನು ಗತಿ ಎಂದು ಮೂರನೆಯವನಿಗೆ ಚಿಂತೆ. ಅವರಿಗೆ ಅಲ್ಲೇನು ಕೆಲಸ ಎಂದು ಯಾರೂ ಕೇಳಲಿಲ್ಲ.

ದೇಸಾಯಿ ಸಾಹೇಬರು ನನಗೆ ಡಿಕ್ಟೇಷನ್ ಕೊಟ್ಟರು. ಈಗಿನ ರಿಯಾಯಿತಿಯೇ ದುರುಪಯೋಗವಾಗುತ್ತಿದೆ, ವಯಸ್ಸಾಗದವರೂ ವೃದ್ಧರೆಂದು ಹೇಳಿಕೊಂಡು ಬರುತ್ತಿದ್ದಾರೆ, ಉಚಿತ ಮಾಡಿದರೆ ತಡೆಯಲಾಗದು.

"ಒಂದು ಉದಾಹರಣಿ ಹಚ್ರಿ. ಆ ರೊಟ್ಟಿ ಮಾರೂ ಹೆಣ್ಮಗಳ ಅರ್ಜಿ ಐತೆಲ್ಲಾ, ಐವತ್ತೆರಡರಾಕಿ. ಅದನ್ನ ಹಚ್ರಿ."

ನನಗೆ ಸಿಟ್ಟು ಬಂತು. ಮೆಮೊ ಬಂದಾಗ ಬರದ ಸಿಟ್ಟು, ಇನ್‌ಕ್ರಿಮೆಂಟು ಹೋದಾಗ ಬರದ ಸಿಟ್ಟು. ಮೂರು ತಿಂಗಳು ಕಿಂಡಿಯ ಮುಂದೆ ನಿಂತವಳನ್ನು ಕಳ್ಳಿಯೆಂದು ಕಾಗದದಲ್ಲಿ ಕಟ್ಟಿ ಕಳಿಸುವುದು ನನ್ನಿಂದ ಆಗಲಿಲ್ಲ. ಆದರೆ ಸಾಹೇಬರ ಮಾತು ಮೀರಲಿಲ್ಲ. ಆಕೆಯ ಅರ್ಜಿ ಹಚ್ಚಿದೆ. ಅದರ ಜೊತೆಗೆ ಬಸವಣ್ಣೆಪ್ಪನ ಅರ್ಜಿಯನ್ನೂ ಹಚ್ಚಿದೆ. ಕೆಳಗೆ ಎರಡು ಸಾಲು ಬರೆದೆ: 'ಲಗತ್ತು ಒಂದರಲ್ಲಿರುವ ತಾಯಿಗೆ ಐವತ್ತೆರಡು, ಲಗತ್ತು ಎರಡರಲ್ಲಿರುವ ಅವಳ ಮಗನಿಗೆ ಅರವತ್ತು. ಇಬ್ಬರಲ್ಲಿ ಯಾರದು ದುರುಪಯೋಗ ಎಂಬುದನ್ನು ದಯವಿಟ್ಟು ತಿಳಿಸಬೇಕು.'

ಸಾಹೇಬರು ಓದದೇ ಸಹಿ ಮಾಡಿದರು. ಬರೆಯುವ ಚಟವಿದ್ದವರಿಗೆ ಓದುವ ಚಟ ಇರುವುದಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ಪುಕ್ಕಟೆ ಪ್ರಯಾಣದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಆ ಕಡತ ಎಲ್ಲಿಗೆ ಹೋಯಿತೋ ನನ್ನ ಸರ್ವಿಸು ಮುಗಿಯುವತನಕ ಗೊತ್ತಾಗಲಿಲ್ಲ. ಆದರೆ ತಾಯಿಗಿಂತ ಮಗ ಹಿರಿಯನಾಗಿರುವ ಎರಡು ಅರ್ಜಿಗಳನ್ನು ನಿಮ್ಮ ವಿಭಾಗ ಸಹಿ ಮಾಡಿ ಕಳಿಸಿದ್ದು ಹೇಗೆ, ಮೂರು ದಿನದಲ್ಲಿ ವಿವರಣೆ ಕೊಡಿ ಎಂದಿತ್ತು. ಮೊದಲ ಬಾರಿಗೆ ದೇಸಾಯಿ ಸಾಹೇಬರು ಮೆಮೊ ಬರೆಯುವ ಬದಲು ಓದುತ್ತ ಕೂತಿದ್ದನ್ನು ಕಂಡೆ. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು.

"ಏನ್ ಮಾಡೂಣ್ರೀ ಈಗ?" ಎಂದು ನನ್ನನ್ನೇ ಕೇಳಿದರು.

"ಎರಡ ದಾರಿ ಅದಾವ್ರಿ. ಮಗನ ಚೀಟಿ ರದ್ದು ಮಾಡಬೇಕು, ಇಲ್ಲಾ ತಾಯಿಗೆ ಚೀಟಿ ಕೊಡಬೇಕು."

ಮಗನದು ಸಾಲಿಯ ಮುದ್ರೆ, ಮುಟ್ಟುವ ಹಾಗಿಲ್ಲ. ಸಾಹೇಬರು ನೀಲವ್ವನ ಕಾಗದಗಳನ್ನು ತರಿಸಿ ತಿರುವಿ ಹಾಕಿದರು. "ಪಂಚಾಯ್ತಿ ಕಾಗದ ಐತಲ್ಲಾ, ಅದನ್ನ ಆಧಾರ ಮಾಡ್ಕೋರಿ. ಚೀಟಿ ಕೊಟ್ಟುಬಿಡ್ರಿ. ವಯಸ್ಸು ಅರವತ್ತೊಂದು ಅಂತ ಹಾಕ್ರಿ."

"ಸಾಹೇಬ್ರ, ಮಗನಿಗೆ ಅರವತ್ತು."

"ಅದಕ್ಕ ಅರವತ್ತೊಂದು ಅಂದೆ. ತಾಯಿ ದೊಡ್ಡಾಕಿ ಇದ್ರಾತಿಲ್ಲೋ? ಜಾಸ್ತಿ ಹಾಕಿದ್ರ ಮತ್ತ ಅದಕ್ಕ ದಾಖಲೆ ಕೇಳ್ತಾರ."

ಮೂರು ತಿಂಗಳ ಹಿಂದೆ ಮುದ್ರೆ ಮೂಡದ ಕಾಗದದಲ್ಲಿ ಈಗ ಮುದ್ರೆ ಸ್ಪಷ್ಟವಾಗಿ ಕಾಣತೊಡಗಿತ್ತು. ಹೀಗೆ ನಮ್ಮ ಕಚೇರಿಯ ದಾಖಲೆಯಲ್ಲಿ ನೀಲವ್ವ ಒಂದು ವರ್ಷದವಳಿದ್ದಾಗ ಬಸವಣ್ಣೆಪ್ಪನನ್ನು ಹಡೆದಳು. ಆಕೆ ಚೀಟಿ ಒಯ್ಯಲು ಬಂದ ದಿನ ನಾನೇ ಎದ್ದು ಹೊರಗೆ ಹೋಗಿ ಕೊಟ್ಟೆ. ತಪ್ಪಾಯಿತೆಂದು ಹೇಳಬೇಕೆಂದಿದ್ದೆ. ಆಕೆ ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡಳು. ಒಂದು ವರ್ಷಕ್ಕೆ ಮಾತ್ರ, ಮತ್ತೆ ಬಂದು ಹೊಸದು ಮಾಡಿಸಬೇಕು ಎಂಬುದನ್ನಷ್ಟೇ ಹೇಳಿದೆ. ಕಿಂಡಿಯವನಿಗೆ ತಕ್ಕ ಮಾತು.

ವರ್ಷ ತುಂಬಿತು. ನೀಲವ್ವ ಬರಲಿಲ್ಲ. ಒಂದು ತಿಂಗಳು ಕಾದೆ, ಎರಡು ತಿಂಗಳು ಕಾದೆ. ಆ ವಯಸ್ಸಿನವರು ಬರಲಿಲ್ಲವೆಂದರೆ ಮನಸ್ಸು ಒಂದೇ ಕಡೆ ಹೋಗುತ್ತದೆ. ರಜೆ ಹಾಕಿ ಮುಂಜಾನೆಯೇ ರಾಯಾಪುರಕ್ಕೆ ಹೊರಟೆ. ಇಳಿಯಲು ಬಾಗಿಲಿಗೆ ಬಂದರೆ, ಅದೇ ಬಸ್ಸಿಗೆ ಬುಟ್ಟಿ ಹೊತ್ತು ಆಕೆಯೇ ಹತ್ತುತ್ತಿದ್ದಾಳೆ. ನನಗೆ ಎಷ್ಟು ಖುಷಿಯಾಯಿತೆಂದರೆ, ಇಳಿಯುವುದನ್ನು ಬಿಟ್ಟು ಬುಟ್ಟಿಗೆ ಕೈ ಹಚ್ಚಿದೆ. ಪಕ್ಕದಲ್ಲಿ ಕೂತು, ಚೀಟಿ ಹೊಸದು ಮಾಡಿಸಲು ಯಾಕೆ ಬರಲಿಲ್ಲವೆಂದು ಗದರಿದೆ.

"ಮತ್ತ ಏನೇನು ತರಬೇಕು ತಮ್ಮಾ?"

"ಎಲ್ಲಾ ಅವ ಕಾಗದ, ಯವ್ವಾ. ವಯಸ್ಸಿಂದು ಮತ್ತೊಮ್ಮೆ ತೋರಸಬೇಕು."

ಆಕೆ ನನ್ನನ್ನು ದಿಟ್ಟಿಸಿ ನೋಡಿದಳು. ಸಿಟ್ಟಿರಲಿಲ್ಲ, ಖರೇನೇ ತಿಳಿಯದವಳಂತೆ ಕೇಳಿದಳು.

"ಹ್ವಾದ ವರ್ಷ ಮುದುಕಿ ಅಂತ ನೀವ ಬರಕೊಟ್ಟೀರಿ. ಈ ವರ್ಷ ನಾ ಹುಡುಗಿ ಆಗಿರ್ತೇನೇನು?"

ಈ ಸಲ ಎಲ್ಲ ನಾನೇ ಓಡಾಡಿ ಮಾಡಿಸಿಕೊಡುತ್ತೇನೆ ಎಂದೆ.

"ಬ್ಯಾಡ ಬಿಡು. ಮುದುಕಿ ಅದೀನಿ, ಮುದುಕಿ ಅದೀನಿ ಅಂತ ವರ್ಷಾ ಬಂದು ಹೇಳಾಕ ನನಗ ವ್ಯಾಳ್ಯಾ ಇಲ್ಲ. ರೊಟ್ಟಿಗೆ ನಾಕಾಣೆ ಏರಿಸೇನಿ. ಹುಡುಗ್ರು ಕೊಡ್ತಾವ. ಅವು ಒಂದಿನಾನೂ ನನ್ನ ವಯಸ್ಸು ಕೇಳಿಲ್ಲ."

ಅಷ್ಟರಲ್ಲಿ ಕಂಡಕ್ಟರ್ ಬಂದ. ಹೊಸಬ, ನನಗೆ ಪರಿಚಯವಿಲ್ಲ. ಆಕೆಯ ಟಿಕೆಟ್ಟಿಗೆ ನಾನು ಜೇಬಿಗೆ ಕೈ ಹಾಕಿದೆ. ಆಕೆ ನನ್ನ ಕೈ ಹಿಡಿದು ನಿಲ್ಲಿಸಿ, ಸೆರಗಿನ ಗಂಟಿನಿಂದ ತಾನೇ ತೆಗೆದು ಕೊಟ್ಟಳು.

"ಒಂದು ಧಾರವಾಡ. ಪೂರಾ ಕೊಡು."

ಅವನು ಹರಿದು ಕೊಟ್ಟು ನನ್ನ ಕಡೆ ತಿರುಗಿದ. ನಾನು ನೌಕರರ ಉಚಿತ ಪಾಸು ತೋರಿಸಿದೆ. ಅವನು ಅದನ್ನು ಬಿಚ್ಚಿ ಕೂಡ ನೋಡದೆ, ನಮಸ್ಕಾರ ಮಾಡಿ ಮುಂದೆ ಹೋದ. ನೀಲವ್ವ ಬುಟ್ಟಿಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. ಧಾರವಾಡ ಬರುವತನಕ ನಾನು ಆ ಪಾಸನ್ನು ಜೇಬಿಗೆ ಹಾಕದೆ ಮುಷ್ಟಿಯಲ್ಲೇ ಮುಚ್ಚಿಟ್ಟುಕೊಂಡು ಕೂತಿದ್ದೆ. ಜೇಬಿಗೆ ಹಾಕಲು ಕೈ ಎತ್ತಿದರೆ ಆಕೆಗೆ ಕಂಡೀತೆಂದು.